ಒಂದು ಒಲೆ, ಐವರು ಮಕ್ಕಳು – ಪಾರ್ಲೆ ಬಿಸ್ಕತ್ತಿನ ಮನೆತನದ ಇತಿಹಾಸ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸುಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿದರು. ಸಂಘ ಹುಟ್ಟಿದ ಕಥೆಯನ್ನು ಸಂಸ್ಥಾಪಕ ಹಿರಿಯರು ಬರೆಯುತ್ತಿದ್ದಾರೆ. ಹಸುವಿನ ಮೇವು, ಕೆಚ್ಚಲು ಬಾವು ಮುಂತಾದ ವಿಚಾರಗಳನ್ನು ಪಶುವೈದ್ಯರು ಬರೆಯುತ್ತಾರೆ. ಇನ್ನು ನಾವು ಬರೆಯೋದು ಏನು ಎಂದು ಯೋಚಿಸಿದಾಗ, ದಿನಾ ಕೈಗೆ ಸಿಗುವ ಆದರೆ ಯಾರೂ ಅದರ ಹಿಂದಿನ ಕಥೆ ಕೇಳದ ಒಂದು ವಸ್ತು ಹೊಳೆಯಿತು. ಅದೇ ಪಾರ್ಲೆ-ಜಿ ಬಿಸ್ಕತ್ತು.

ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಕ್ಯಾನು ತೊಳೆದುಕೊಂಡು ಬಂದವರು ಟೀಗೆ ಅದ್ದಿಕೊಂಡು ತಿನ್ನುವುದು ಇದನ್ನೇ. ಜ್ವರ ಬಂದ ಮಗುವಿಗೆ, ಆಸ್ಪತ್ರೆಯಲ್ಲಿ ಮಲಗಿದ ಅಜ್ಜಿಗೆ, ಮನೆಗೆ ಬಂದ ನೆಂಟರ ಕೂಸಿಗೆ ಒಯ್ಯುವುದೂ ಇದನ್ನೇ. ಇದು ಸರ್ಕಾರ ಮಾಡಿದ್ದಲ್ಲ, ವಿದೇಶಿ ಕಂಪನಿ ಮಾಡಿದ್ದೂ ಅಲ್ಲ. ಒಂದು ಮನೆಯ ಅಪ್ಪ-ಮಕ್ಕಳು ಕಟ್ಟಿದ್ದು. ಅವರದ್ದು ಒಂದು ಕುಟುಂಬದ ಬಂಡವಾಳ, ನಮ್ಮದು ನೂರಾರು ಕುಟುಂಬಗಳ ಷೇರು. ಇದ್ದರೂ ಕಟ್ಟಿದವರು ಹಿಂದೆ ಸರಿದು ಮುಂದಿನವರು ಬರುವ ಹೊತ್ತಿನಲ್ಲಿ ಎರಡಕ್ಕೂ ಎದುರಾಗುವ ಪ್ರಶ್ನೆ ಒಂದೇ. ಆದ್ದರಿಂದ ಈ ಮನೆತನದ ಇತಿಹಾಸವನ್ನು ನಮಗೆ ತಿಳಿದ ಮಟ್ಟಿಗೆ ಸದಸ್ಯರ ಮುಂದೆ ಇಡುತ್ತಿದ್ದೇವೆ.

ಬಿಸ್ಕತ್ತು ನಮ್ಮದಾಗುವ ಮೊದಲು

ಬಿಸ್ಕತ್ತು ಎಂಬ ಮಾತಿಗೆ ಮೂಲದಲ್ಲಿ ಎರಡು ಸಲ ಬೇಯಿಸಿದ್ದು ಎಂದು ಅರ್ಥ. ತಿಂಗಳುಗಟ್ಟಲೆ ಹಡಗಿನಲ್ಲಿ ಹೋಗುವ ನಾವಿಕರಿಗೆ ಕೆಡದ ಆಹಾರ ಬೇಕಾಗಿತ್ತು. ರೊಟ್ಟಿಯನ್ನು ಮತ್ತೆ ಒಲೆಗೆ ಹಾಕಿ ತೇವವೆಲ್ಲ ಹೋಗುವಂತೆ ಒಣಗಿಸಿದರೆ ಅದು ಬಹುಕಾಲ ಉಳಿಯುತ್ತಿತ್ತು. ನಮ್ಮಲ್ಲಿ ಹಪ್ಪಳ ಸಂಡಿಗೆ ಒಣಗಿಸಿ ಡಬ್ಬದಲ್ಲಿ ಇಡುವ ಜಾಣತನವೇ ಅದು, ಬೇರೆ ದೇಶದಲ್ಲಿ ಬೇರೆ ರೂಪ ತಾಳಿತು ಅಷ್ಟೇ.

ಭಾರತಕ್ಕೆ ಇದು ಬಂದದ್ದು ದೊರೆಗಳ ತಿಂಡಿಯಾಗಿ. ಇಂಗ್ಲೆಂಡಿನ ಹಂಟ್ಲಿ ಅಂಡ್ ಪಾಮರ್ಸ್‌ನಂಥ ಕಂಪನಿಗಳ ಬಿಸ್ಕತ್ತು ಚಿತ್ರ ಬಿಡಿಸಿದ ತಗಡಿನ ಡಬ್ಬಿಗಳಲ್ಲಿ ಹಡಗು ಹತ್ತಿ ಬರುತ್ತಿತ್ತು. ಬಡವರಿಗೆ ಅದರ ರುಚಿ ಗೊತ್ತಿರಲಿಲ್ಲ. ಖಾಲಿ ಡಬ್ಬಿ ಸಿಕ್ಕರೆ ಅದೇ ಭಾಗ್ಯ.

ನಮ್ಮವರೂ ಕೈಕಟ್ಟಿ ಕುಳಿತಿರಲಿಲ್ಲ. 1880ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಎಂಬುವರು ಬಿಸ್ಕತ್ತಿನ ಕಾರ್ಖಾನೆ ತೆರೆದರು. 1892ರಲ್ಲಿ ಕಲ್ಕತ್ತೆಯ ಒಂದು ಸಣ್ಣ ಮನೆಯಲ್ಲಿ 295 ರೂಪಾಯಿ ಬಂಡವಾಳದಲ್ಲಿ ಶುರುವಾದ ಬಿಸ್ಕತ್ತಿನ ಕೆಲಸವೇ ಮುಂದೆ ಬ್ರಿಟಾನಿಯಾ ಕಂಪನಿಯಾಯಿತು. ನಮ್ಮ ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ಆರಂಭವಾಯಿತು. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಆ ದಾರಿ ಹಿಡಿದು ಇಡೀ ರಾಜ್ಯದ ಊರೂರಿನಲ್ಲಿ ಅಯ್ಯಂಗಾರ್ ಬೇಕರಿ ಬೋರ್ಡು ಹಾಕಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಆ ಕಾಲದಲ್ಲಿ ಇನ್ನೊಂದು ತೊಡಕು ಇತ್ತು. ಬೇಕರಿ ಪದಾರ್ಥವನ್ನು ಯಾರು ಮುಟ್ಟಿ ಮಾಡಿದರೋ, ಅದರಲ್ಲಿ ಮೊಟ್ಟೆ ಇದೆಯೋ ಏನೋ ಎಂದು ಹಿರಿಯರು ಮನೆಯೊಳಗೆ ಬಿಡುತ್ತಿರಲಿಲ್ಲ. ಅದಕ್ಕಾಗಿಯೇ ದೆಹಲಿಯಲ್ಲಿ ಹಿಂದೂ ಬಿಸ್ಕತ್ತು ಎಂಬ ಹೆಸರಿನಲ್ಲೇ ಒಂದು ಕಂಪನಿ ಹುಟ್ಟಿತು ಎಂದರೆ ಜನರ ಮನಸ್ಸು ಹೇಗಿತ್ತು ಎಂದು ಊಹಿಸಬಹುದು. ಅಂದರೆ ಬಿಸ್ಕತ್ತು ಮಾರುವವನು ಬೆಲೆಯ ಗೋಡೆಯನ್ನೂ ದಾಟಬೇಕಿತ್ತು, ನಂಬಿಕೆಯ ಗೋಡೆಯನ್ನೂ ದಾಟಬೇಕಿತ್ತು.

ಬಟ್ಟೆ ವ್ಯಾಪಾರದಿಂದ ಬೆಂಕಿ ಒಲೆಗೆ

ಪಾರ್ಲೆ ಮನೆತನದ ಮೂಲಪುರುಷರು ಮೋಹನಲಾಲ್ ದಯಾಳ್ ಚೌಹಾಣ್. ಇವರು ಗುಜರಾತಿನವರು, ಮುಂಬಯಿಗೆ ಬಂದು ಬಟ್ಟೆಯ ವ್ಯಾಪಾರದಲ್ಲಿ ನೆಲೆ ಕಂಡವರು. ಸ್ವದೇಶಿ ಚಳವಳಿಯ ಗಾಳಿ ಬೀಸುತ್ತಿದ್ದ ಕಾಲ ಅದು. ವಿದೇಶಿ ವಸ್ತು ಬಿಡಿ, ನಮ್ಮ ದೇಶದ್ದು ಬಳಸಿ ಎಂಬ ಕೂಗು ಎಲ್ಲೆಲ್ಲೂ. ಆದರೆ ಬಿಡಿ ಎಂದು ಹೇಳಿದರೆ ಸಾಕೇ? ಬದಲಿಗೆ ಕೈಗೆ ಕೊಡಲು ನಮ್ಮದೇ ವಸ್ತು ಇರಬೇಕಲ್ಲ! ಪೆಪ್ಪರಮೆಂಟು, ಮಿಠಾಯಿ, ಬಿಸ್ಕತ್ತು ಎಲ್ಲ ಹೊರದೇಶದಿಂದ ಬರುವಾಗ, ಇದನ್ನು ಇಲ್ಲೇ ಯಾಕೆ ಮಾಡಬಾರದು ಎಂದು ಮೋಹನಲಾಲರು ಯೋಚಿಸಿದರು.

ಬರೀ ಯೋಚಿಸಿ ಸುಮ್ಮನಾಗಲಿಲ್ಲ. ಜರ್ಮನಿಗೆ ಹೋಗಿ ಮಿಠಾಯಿ ಮಾಡುವ ಕಸುಬು ಕಲಿತು ಬಂದರು. ಬಟ್ಟೆ ಅಳೆಯುತ್ತಿದ್ದ ವ್ಯಾಪಾರಿ, ಮಕ್ಕಳು ಕೈಗೆ ಬಂದ ವಯಸ್ಸಿನಲ್ಲಿ ಹಡಗು ಹತ್ತಿ ಹೋಗಿ ಸಕ್ಕರೆ ಪಾಕ ಕುದಿಸುವುದು ಕಲಿಯುವುದೆಂದರೆ ಸಾಮಾನ್ಯ ಮಾತಲ್ಲ. ಬರುವಾಗ ಯಂತ್ರಗಳನ್ನೂ ತರಿಸಿದರು. ಅದಕ್ಕೆ ಆದ ಖರ್ಚು 60,000 ರೂಪಾಯಿ ಎಂದು ಹೇಳುತ್ತಾರೆ. ಆಗಿನ ಅರವತ್ತು ಸಾವಿರ ಅಂದ್ರೆ ಎಷ್ಟು ಎಂದು ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ.

1929ರಲ್ಲಿ ಮುಂಬಯಿ ಹೊರವಲಯದ ಇರ್ಲಾ ಮತ್ತು ಪಾರ್ಲಾ ಎಂಬ ಹಳ್ಳಿಗಳ ನಡುವೆ ಒಂದು ಹಳೆಯ ಕಾರ್ಖಾನೆಯನ್ನು ಕೊಂಡು ಕೆಲಸ ಶುರು ಮಾಡಿದರು. ಗಾಂಧೀಜಿಯವರು ದಂಡಿಗೆ ನಡೆದು ಉಪ್ಪು ಎತ್ತಿದ್ದು ಅದರ ಮರುವರ್ಷ. ಕಾರ್ಖಾನೆಯಲ್ಲಿ ಇದ್ದವರು ಹನ್ನೆರಡೇ ಜನ. ಎಂಜಿನಿಯರೂ ಮನೆಯವರೇ, ಮ್ಯಾನೇಜರೂ ಮನೆಯವರೇ, ಮಿಠಾಯಿ ಮಾಡುವವರೂ ಮನೆಯವರೇ. ನಮ್ಮಲ್ಲಿ ನಾಟಿ ಕಾಲದಲ್ಲಿ ಅಪ್ಪ ಪಾತಿ ಮಾಡಿ, ಅವ್ವ ಪೈರು ಕಿತ್ತು, ಮಕ್ಕಳು ಹೊತ್ತು ಹಾಕುವ ಹಾಗೆ.

ಹೆಸರಿನ ಕಥೆಯಂತೂ ಸ್ವಾರಸ್ಯವಾಗಿದೆ. ಕೆಲಸದ ಗಡಿಬಿಡಿಯಲ್ಲಿ ಕಂಪನಿಗೆ ಒಂದು ಹೆಸರು ಇಡುವುದಕ್ಕೂ ಪುರುಸೊತ್ತು ಆಗಲಿಲ್ಲವಂತೆ. ಪಾರ್ಲಾದಲ್ಲಿರುವ ಕಾರ್ಖಾನೆ ಎಂದು ಜನ ಕರೆದದ್ದೇ ಪಾರ್ಲೆ ಎಂದು ನಿಂತಿತು. ತನ್ನ ಹೆಸರನ್ನಾಗಲಿ ದೇವರ ಹೆಸರನ್ನಾಗಲಿ ಇಡದೆ ಊರ ಹೆಸರಿನಲ್ಲೇ ಬೆಳೆದ ಕಂಪನಿ ಇದು. ನಮ್ಮ ಸಂಘದ ಬೋರ್ಡಿನಲ್ಲೂ ಮೊದಲು ಬರುವುದು ಊರಿನ ಹೆಸರೇ ಎಂಬುದನ್ನು ಸದಸ್ಯರು ಗಮನಿಸಬೇಕು.

ಗ್ಲೂಕೋ ಬಿಸ್ಕತ್ತು ಬಂತು

ಮೊದಲು ಮಾಡಿದ್ದು ಬಿಸ್ಕತ್ತಲ್ಲ, ಪೆಪ್ಪರಮೆಂಟು. ಕಿತ್ತಳೆ ರುಚಿಯ ಮಿಠಾಯಿಯಿಂದ ಶುರುವಾಗಿ ಹತ್ತು ವರ್ಷ ಅದರಲ್ಲೇ ಕೈ ಪಳಗಿಸಿಕೊಂಡ ಮೇಲೆ, 1930ರ ದಶಕದ ಕೊನೆಯಲ್ಲಿ ಬಿಸ್ಕತ್ತಿಗೆ ಕೈ ಹಾಕಿದರು. ಅದಕ್ಕೆ ಇಟ್ಟ ಹೆಸರು ಪಾರ್ಲೆ ಗ್ಲೂಕೋ. ದೊರೆಗಳ ತಗಡಿನ ಡಬ್ಬಿಯ ಬಿಸ್ಕತ್ತಿಗೆ ಎದುರಾಗಿ ಕಾಗದದ ಪೊಟ್ಟಣದ ಬಿಸ್ಕತ್ತು. ಕೂಲಿ ಮಾಡುವವನೂ ಕೊಳ್ಳಬಹುದಾದ ಬೆಲೆ. ಇದೇ ಅವರ ಮೂಲಮಂತ್ರ.

ಆಮೇಲೆ ಎರಡನೇ ಮಹಾಯುದ್ಧ ಬಂತು. ಕೆಡದ, ಹೊರಲು ಹಗುರವಾದ ಆಹಾರವಾದ್ದರಿಂದ ಯುದ್ಧದ ಕಾಲದಲ್ಲಿ ಬಿಸ್ಕತ್ತಿಗೆ ಎಲ್ಲ ಕಡೆ ಬೇಡಿಕೆ ಏರಿತು. ಉಪ್ಪಿನ ಬಿಸ್ಕತ್ತು ಮೊನಾಕೋ ಹೊರಬಂದದ್ದೂ 1940ರ ದಶಕದಲ್ಲೇ.

1947ರಲ್ಲಿ ಸ್ವಾತಂತ್ರ್ಯ ಬಂತು, ಜೊತೆಗೆ ದೇಶ ವಿಭಜನೆಯೂ ಆಯಿತು. ಗೋಧಿ ಬೆಳೆಯುವ ಪಂಜಾಬಿನ ಪಶ್ಚಿಮ ಭಾಗ, ಸಿಂಧ್ ಪ್ರಾಂತ್ಯ ಆಚೆಗೆ ಹೋದವು. ಗೋಧಿಗೆ ಅಭಾವ ಬಂತು. ಗೋಧಿಯಿಲ್ಲದೆ ಮೈದಾ ಎಲ್ಲಿ, ಮೈದಾ ಇಲ್ಲದೆ ಬಿಸ್ಕತ್ತು ಎಲ್ಲಿ? ಕೆಲಕಾಲ ಗ್ಲೂಕೋ ಬಿಸ್ಕತ್ತನ್ನು ನಿಲ್ಲಿಸಿ ಬಾರ್ಲಿಯ ಬಿಸ್ಕತ್ತು ಮಾಡಬೇಕಾಯಿತು. ಜನರಿಗೆ ವಿಷಯ ತಿಳಿಸಿ, ದೇಶಕ್ಕೆ ಗೋಧಿ ಉಳಿಸೋಣ ಎಂದು ಕೇಳಿಕೊಂಡರು. ಒಳಗೊಳಗೇ ಕಳಪೆ ಬೆರೆಸಿ ಹಳೇ ಹೆಸರಿನಲ್ಲೇ ಮಾರಬಹುದಿತ್ತು. ಹಾಗೆ ಮಾಡಲಿಲ್ಲ. ಹಾಲಿಗೆ ನೀರು ಬೆರೆಸುವ ಯೋಚನೆ ಯಾರಿಗಾದರೂ ಬಂದರೆ ಈ ಬಾರ್ಲಿ ಬಿಸ್ಕತ್ತಿನ ಮಾತನ್ನು ಒಂದು ಸಲ ನೆನಪು ಮಾಡಿಕೊಳ್ಳಲಿ.

ಬಿಸ್ಕತ್ತು ಆಗುವ ಬಗೆ

ರೈತರಾದ ನಮಗೆ ಯಾವ ಪದಾರ್ಥವೂ ಹೇಗೆ ಆಗುತ್ತದೆ ಎಂದು ತಿಳಿಯುವ ಆಸೆ ಸಹಜ. ಗ್ಲೂಕೋಸ್ ಬಿಸ್ಕತ್ತಿಗೆ ಮುಖ್ಯವಾಗಿ ಬೇಕಾದದ್ದು ಮೈದಾ, ಸಕ್ಕರೆ, ಎಣ್ಣೆ, ಸಕ್ಕರೆಯ ಪಾಕ, ಸ್ವಲ್ಪ ಹಾಲಿನ ಪುಡಿ, ಉಪ್ಪು ಮತ್ತು ಉಬ್ಬಿಸುವ ಸೋಡಾ. ಸಕ್ಕರೆಯನ್ನು ಹುಳಿಯ ಅಂಶ ಸೇರಿಸಿ ಕಾಯಿಸಿದರೆ ಅದು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಬಗೆಯ ಸಿಹಿಯಾಗುತ್ತದೆ. ಆ ಪಾಕದಿಂದಲೇ ಬಿಸ್ಕತ್ತಿಗೆ ಕೆಂಪು ಬಣ್ಣವೂ ಆ ಪರಿಮಳವೂ ಬರುವುದು.

ಇವೆಲ್ಲವನ್ನೂ ದೊಡ್ಡ ಯಂತ್ರದಲ್ಲಿ ಕಲಸುತ್ತಾರೆ. ಚಪಾತಿ ಹಿಟ್ಟಿನ ಹಾಗೆ ನಾದುವಂತಿಲ್ಲ, ಜಾಸ್ತಿ ನಾದಿದರೆ ಬಿಸ್ಕತ್ತು ಗಟ್ಟಿಯಾಗಿ ಹಲ್ಲಿಗೆ ಸಿಗುವುದಿಲ್ಲ. ಕಲಸಿದ ಹಿಟ್ಟು ತಿರುಗುವ ಉರುಳೆಯ ಅಚ್ಚುಗಳಿಗೆ ಬೀಳುತ್ತದೆ. ಹೆಸರೂ ಅಂಚಿನ ಚಿತ್ತಾರವೂ ಮೂಡುವುದು ಅಲ್ಲೇ. ಅಲ್ಲಿಂದ ಬಿಸ್ಕತ್ತುಗಳು ಸಾಲಾಗಿ ಓಡುವ ಪಟ್ಟಿಯ ಮೇಲೆ ಕುಳಿತು ಸುರಂಗದಂತಹ ಉದ್ದನೆಯ ಒಲೆಯೊಳಗೆ ಹೋಗುತ್ತವೆ. ಒಂದು ತುದಿಯಲ್ಲಿ ಹಸಿ ಹಿಟ್ಟು ಒಳಗೆ, ಕೆಲವೇ ನಿಮಿಷದಲ್ಲಿ ಇನ್ನೊಂದು ತುದಿಯಲ್ಲಿ ಬೆಂದ ಬಿಸ್ಕತ್ತು ಹೊರಗೆ. ಆಮೇಲೆ ಗಾಳಿಯಲ್ಲಿ ಆರಬೇಕು. ಬಿಸಿ ಇರುವಾಗಲೇ ಪ್ಯಾಕು ಮಾಡಿದರೆ ಬೆವರಿ ಮೆತ್ತಗಾಗುತ್ತದೆ.

ಇಂಥ ಒಲೆಯನ್ನು ಗಂಟೆಗೊಮ್ಮೆ ಹಚ್ಚಿ ಆರಿಸುವಂತಿಲ್ಲ. ಕಾಯುವುದಕ್ಕೇ ಹೊತ್ತು ಬೇಕು, ಇಂಧನ ಬೇಕು. ಒಲೆ ತುಂಬಿ ಓಡಿದರೆ ಮಾತ್ರ ಒಂದು ಪೊಟ್ಟಣಕ್ಕೆ ತಗಲುವ ಖರ್ಚು ಕಡಿಮೆ. ಅರ್ಧ ಖಾಲಿ ಓಡಿದರೆ ಲಾಭವೆಲ್ಲ ಹೊಗೆ. ಈ ಮಾತನ್ನು ಓದುಗರು ಇಟ್ಟುಕೊಂಡಿರಲಿ, ಮುಂದೆ ಬೇಕಾಗುತ್ತದೆ.

ಗ್ಲೂಕೋ ಹೋಗಿ ಜಿ ಆದದ್ದು

ಒಂದು ವಸ್ತು ಚೆನ್ನಾಗಿ ಮಾರಾಟವಾದರೆ ಅದರ ನಕಲು ಹುಟ್ಟುವುದು ಲೋಕರೂಢಿ. ಗ್ಲೂಕೋ, ಗ್ಲೂಕೋಸ್ ಎಂದು ಹೆಸರಿಟ್ಟುಕೊಂಡು ಬೇಕಾದಷ್ಟು ಬಿಸ್ಕತ್ತುಗಳು ಬಂದವು. ಅಂಗಡಿಗೆ ಹೋದವರು ಒಂದು ಗ್ಲೂಕೋಸ್ ಬಿಸ್ಕತ್ತು ಕೊಡಿ ಎಂದರೆ ಅಂಗಡಿಯವನು ಕೈಗೆ ಸಿಕ್ಕಿದ್ದು ಕೊಡುತ್ತಿದ್ದ. ಆದ್ದರಿಂದ 1980ರ ದಶಕದ ಆರಂಭದಲ್ಲಿ ಹೆಸರನ್ನೇ ಪಾರ್ಲೆ-ಜಿ ಎಂದು ಬದಲಾಯಿಸಿದರು. ಗ್ಲೂಕೋಸಿನ ಜಿ ಒಂದೇ ಅಕ್ಷರ ಉಳಿಯಿತು. ಬಹಳ ವರ್ಷದ ನಂತರ ಜಾಹೀರಾತಿನಲ್ಲಿ ಜಿ ಅಂದ್ರೆ ಜೀನಿಯಸ್ ಎಂದು ಹೇಳಿ ಮಕ್ಕಳ ಬಾಯಲ್ಲಿ ಇಟ್ಟರು.

ಹಳದಿ ಬಿಳಿ ಪಟ್ಟೆಯ ಮೇಣದ ಕಾಗದ ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ಬಿಸ್ಕತ್ತು ಮುಗಿದ ಮೇಲೆ ಆ ಕಾಗದದಲ್ಲಿ ದೋಣಿ ಮಾಡಿ ಮಳೆ ನೀರಿಗೆ ಬಿಟ್ಟವರು ಎಷ್ಟೋ ಜನ. ಆಮೇಲೆ ಪ್ಲಾಸ್ಟಿಕ್ ಹೊದಿಕೆ ಬಂತು, ಆದರೆ ಪಟ್ಟೆಯೂ ಮಗುವಿನ ಚಿತ್ರವೂ ಹಾಗೇ ಉಳಿದವು. ಓದು ಬಾರದವರೂ ಆ ಚಿತ್ರ ನೋಡಿ ಗುರುತು ಹಿಡಿಯುತ್ತಾರೆ.

ಆ ಮಗು ಯಾರು ಎಂಬ ಬಗ್ಗೆ ದೊಡ್ಡ ಸುದ್ದಿಯೇ ಇತ್ತು. ನಮ್ಮ ಕರ್ನಾಟಕದ ಸುಧಾ ಮೂರ್ತಿಯವರ ಬಾಲ್ಯದ ಫೋಟೋ ಅದು ಎಂದು ಎಷ್ಟೋ ಜನ ನಂಬಿದ್ದರು, ಈಗಲೂ ಮೊಬೈಲಿನಲ್ಲಿ ಹಾಗೆ ಕಳಿಸುವವರಿದ್ದಾರೆ. ಅದು ನಿಜವಲ್ಲ. ಅದು ಯಾವ ಮಗುವಿನ ಫೋಟೋವೂ ಅಲ್ಲ, 1960ರ ದಶಕದಲ್ಲಿ ಜಾಹೀರಾತು ಸಂಸ್ಥೆಯ ಕಲಾವಿದರೊಬ್ಬರು ಬರೆದ ಚಿತ್ರ ಎಂದು ಕಂಪನಿಯವರೇ ಹೇಳಿದ್ದಾರೆ. ಯಾರ ಮಗುವೂ ಅಲ್ಲದ್ದರಿಂದಲೇ ಅದು ಎಲ್ಲರ ಮನೆಯ ಮಗುವಾಯಿತು.

ನಾಲ್ಕು ರೂಪಾಯಿಯ ಲೆಕ್ಕ

ಈ ಮನೆತನದ ವ್ಯಾಪಾರದ ಗುಟ್ಟು ಇರುವುದು ಬೆಲೆಯಲ್ಲಿ. 1994ರ ಸುಮಾರಿಗೆ ಸಣ್ಣ ಪೊಟ್ಟಣಕ್ಕೆ 4 ರೂಪಾಯಿ ಇತ್ತು. ಎರಡೂವರೆ ದಶಕದ ಹತ್ತಿರ ಅದು ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಅಷ್ಟರಲ್ಲಿ ಡೀಸೆಲ್ ಎಲ್ಲಿಗೆ ಹೋಯಿತು, ಗೊಬ್ಬರ ಎಲ್ಲಿಗೆ ಹೋಯಿತು, ಆಳಿನ ಕೂಲಿ ಎಲ್ಲಿಗೆ ಹೋಯಿತು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಧ್ಯದಲ್ಲಿ ಒಮ್ಮೆ ಅರ್ಧ ರೂಪಾಯಿ ಏರಿಸಿ ನೋಡಿದಾಗ ಮಾರಾಟ ಕುಸಿದು, ಹಿಂದಕ್ಕೆ ಇಳಿಸಬೇಕಾಯಿತು. ಕೊಳ್ಳುವವರು ಅಷ್ಟು ಸಣ್ಣ ಕೈಯವರು, ಅರ್ಧ ರೂಪಾಯಿಯೂ ಅವರಿಗೆ ಭಾರ.

ಹಾಗಾದರೆ ಕಂಪನಿ ಉಳಿದದ್ದು ಹೇಗೆ? ಮೂರು ದಾರಿ ಹಿಡಿದರು. ಮೊದಲನೆಯದು, ದೇಶದ ಬೇರೆ ಬೇರೆ ಕಡೆ ಸ್ವಂತ ಕಾರ್ಖಾನೆಗಳ ಜೊತೆಗೆ ಸ್ಥಳೀಯರ ಸಣ್ಣ ಕಾರ್ಖಾನೆಗಳಿಗೂ ಕರಾರಿನ ಮೇಲೆ ಬಿಸ್ಕತ್ತು ಮಾಡಿಕೊಡುವ ಕೆಲಸ ಕೊಟ್ಟರು. ಬಿಸ್ಕತ್ತು ತೂಕಕ್ಕಿಂತ ಗಾತ್ರವೇ ಜಾಸ್ತಿ ಇರುವ ಸರಕು, ದೂರ ಸಾಗಿಸಿದರೆ ಲಾರಿ ಬಾಡಿಗೆಯೇ ಲಾಭ ತಿನ್ನುತ್ತದೆ. ಎರಡನೆಯದು, ಹೊದಿಕೆ, ಇಂಧನ, ಸಾಗಣೆ ಹೀಗೆ ಎಲ್ಲೆಲ್ಲಿ ಪೈಸೆ ಉಳಿಯುತ್ತದೋ ಅಲ್ಲೆಲ್ಲ ಉಳಿಸಿದರು. ಪೊಟ್ಟಣಕ್ಕೆ ಒಂದು ಪೈಸೆ ಉಳಿದರೆ ಲಕ್ಷ ಪೊಟ್ಟಣಕ್ಕೆ ಸಾವಿರ ರೂಪಾಯಿ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದವರು ಇವರು.

ಮೂರನೆಯ ದಾರಿಯನ್ನೂ ಮುಚ್ಚಿಡದೆ ಹೇಳಬೇಕು. ಬೆಲೆ ಹಾಗೇ ಇಟ್ಟು ತೂಕ ಇಳಿಸಿದರು. ಒಂದು ಕಾಲಕ್ಕೆ 100 ಗ್ರಾಂ ಇದ್ದ ಪೊಟ್ಟಣ ಇಳಿಯುತ್ತಾ ಇಳಿಯುತ್ತಾ 2021ರ ಸುಮಾರಿಗೆ 55 ಗ್ರಾಂಗೆ ಬಂತು, ಬೆಲೆಯೂ 5 ರೂಪಾಯಿಯಾಗಿತ್ತು. ಪೊಟ್ಟಣದ ಮೇಲೆ ತೂಕ ಅಚ್ಚು ಹಾಕಿರುತ್ತಾರೆ, ಕಾನೂನಿನ ಪ್ರಕಾರ ಅದರಲ್ಲಿ ತಪ್ಪಿಲ್ಲ. ಆದರೆ ಬಡವನ ಕೈಗೆ ಬರುವ ಬಿಸ್ಕತ್ತು ಕಡಿಮೆಯಾಯಿತು ಎಂಬುದೂ ಸತ್ಯವೇ. ನಾವು ಹಾಲಿನವರು ಹೀಗೆ ಮಾಡಲು ಬರುವುದಿಲ್ಲ. ಲೀಟರು ಅಂದ್ರೆ ಲೀಟರೇ. ಹಿಂಡಿ ಬೆಲೆ ಏರಿದರೂ ಹಸು ಸಣ್ಣ ಲೀಟರು ಕೊಡುವುದಿಲ್ಲ. ಪೊಟ್ಟಣದಲ್ಲಿ ಮಾರುವವನಿಗೆ ಇರುವ ಈ ದಾರಿ ಬೆಳೆಯುವವನಿಗೆ ಇಲ್ಲ ಎಂಬುದನ್ನು ರೈತರು ಅರಿತಿರಬೇಕು.

ಸರ್ಕಾರದ ಪಾಲೂ ಈ ಲೆಕ್ಕದಲ್ಲಿದೆ. ಬಿಸ್ಕತ್ತು ತಯಾರಿಕೆ ಬಹುಕಾಲ ಸಣ್ಣ ಕೈಗಾರಿಕೆಗೆ ಮೀಸಲಾಗಿತ್ತು, 1997ರಲ್ಲಿ ಆ ಮೀಸಲು ತೆಗೆದರು. 2017ರಲ್ಲಿ ಜಿಎಸ್‌ಟಿ ಬಂದಾಗ ಬಡವರ ಬಿಸ್ಕತ್ತಿಗೂ ಶ್ರೀಮಂತರ ಬಿಸ್ಕತ್ತಿಗೂ ಒಂದೇ ಎಂದು ಶೇಕಡಾ 18 ತೆರಿಗೆ ಹಾಕಿದರು. 2019ರಲ್ಲಿ ಹಳ್ಳಿಗಳ ಕಡೆ ಮಾರಾಟ ಇಳಿದಾಗ ಸಾವಿರಾರು ಜನರ ಕೆಲಸಕ್ಕೆ ಕುತ್ತು ಬರಬಹುದು ಎಂದು ಕಂಪನಿಯವರು ಬಹಿರಂಗವಾಗಿ ಹೇಳಿದರು. ಐದು ರೂಪಾಯಿ ಬಿಸ್ಕತ್ತು ಕೊಳ್ಳಲೂ ಹಳ್ಳಿಯ ಜನ ಹಿಂದುಮುಂದು ನೋಡುತ್ತಿದ್ದಾರೆ ಎಂಬ ಸುದ್ದಿ ಆಗ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. 2025ರ ಸೆಪ್ಟೆಂಬರಿನಲ್ಲಿ ತೆರಿಗೆಯನ್ನು ಶೇಕಡಾ 5ಕ್ಕೆ ಇಳಿಸಿದರು.

ಐವರು ಮಕ್ಕಳು, ಮೂರು ದಾರಿ

ಈಗ ಮುಖ್ಯ ವಿಚಾರಕ್ಕೆ ಬರೋಣ. ಮೋಹನಲಾಲರಿಗೆ ಐವರು ಗಂಡುಮಕ್ಕಳು: ಮಾಣೆಕಲಾಲ್, ಪೀತಾಂಬರ್, ನರೋತ್ತಮ್, ಕಾಂತಿಲಾಲ್, ಜಯಂತಿಲಾಲ್. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುವ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಒಂದೂವರೆ ಎಕರೆ ಜಮೀನಿನ ಬದುವಿಗೆ ಹತ್ತು ವರ್ಷ ಕೋರ್ಟು ಅಲೆಯುವವರನ್ನು ನಾವು ಕಂಡಿದ್ದೇವೆ. ಇವರದ್ದು ಕೋಟಿಗಟ್ಟಲೆ ಆಸ್ತಿ. ಇವರೂ ಬೇರೆಯಾದರು. ಆದರೆ ಹೇಗೆ ಬೇರೆಯಾದರು ಎಂಬುದನ್ನು ನೋಡಬೇಕು.

ಕೊನೆಯ ಮಗ ಜಯಂತಿಲಾಲರ ಕವಲಿಗೆ ತಂಪು ಪಾನೀಯದ ವ್ಯಾಪಾರ ಹೋಯಿತು. ಉಳಿದ ಅಣ್ಣಂದಿರ ಕವಲಿಗೆ ಬಿಸ್ಕತ್ತು ಮತ್ತು ಮಿಠಾಯಿ ಉಳಿಯಿತು. ಪಾನೀಯದ ಕವಲಿನಲ್ಲಿ ಮುಂದೆ ಜಯಂತಿಲಾಲರ ಮಕ್ಕಳಾದ ರಮೇಶ್ ಚೌಹಾಣ್ ಮತ್ತು ಪ್ರಕಾಶ್ ಚೌಹಾಣ್ ಬೇರೆ ಬೇರೆ ದಾರಿ ಹಿಡಿದರು. ಹೀಗೆ ಒಂದು ಪಾರ್ಲೆ ಮೂರಾಯಿತು. ಬಿಸ್ಕತ್ತಿನದ್ದು ಪಾರ್ಲೆ ಪ್ರಾಡಕ್ಟ್ಸ್. ಫ್ರೂಟಿ ಮಾಡುವುದು ಪಾರ್ಲೆ ಆಗ್ರೋ. ನೀರಿನ ಬಾಟಲಿಯದ್ದು ಬಿಸ್ಲೇರಿ. ಪಾರ್ಲೆಯವರು ಬಿಸ್ಲೇರಿಯನ್ನು 1969ರಲ್ಲಿ ಇಟಲಿಯವರಿಂದ 4 ಲಕ್ಷ ರೂಪಾಯಿಗೆ ಕೊಂಡಿದ್ದರು. ನೀರನ್ನು ದುಡ್ಡು ಕೊಟ್ಟು ಯಾರು ಕುಡಿಯುತ್ತಾರೆ ಎಂದು ಜನ ನಕ್ಕ ಕಾಲ ಅದು.

ಪಾನೀಯದ ಕವಲಿನ ಏಳುಬೀಳು ದೊಡ್ಡದು. 1977ರಲ್ಲಿ ಕೋಕಾ-ಕೋಲಾ ಕಂಪನಿ ದೇಶ ಬಿಟ್ಟು ಹೋದಾಗ ಥಮ್ಸ್ ಅಪ್ ಹೊರಬಂದು ದೇಶವನ್ನೇ ಆಳಿತು. ಗೋಲ್ಡ್ ಸ್ಪಾಟ್, ಲಿಮ್ಕಾ ಎಲ್ಲ ಇವರದ್ದೇ. 1993ರಲ್ಲಿ ಕೋಕಾ-ಕೋಲಾ ಮತ್ತೆ ಬಂದಾಗ ಆ ಹೆಸರುಗಳನ್ನೆಲ್ಲ ಅದೇ ಕಂಪನಿಗೆ ಮಾರಿದರು. ನಲವತ್ತು ದಾಟಿದವರಿಗೆ ಗೋಲ್ಡ್ ಸ್ಪಾಟ್ ನೆನಪಿರುತ್ತದೆ, ಈಗ ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಬಿಸ್ಕತ್ತಿನ ಕವಲಿನವರು ಮಾತ್ರ ಮಾರಲಿಲ್ಲ. 1972ರಲ್ಲಿ ಕ್ರ್ಯಾಕ್‌ಜ್ಯಾಕ್, 1996ರಲ್ಲಿ ಹೈಡ್ ಅಂಡ್ ಸೀಕ್ ಹೀಗೆ ಒಂದೊಂದಾಗಿ ಸೇರಿಸುತ್ತಾ ಒಲೆಯ ಹತ್ತಿರವೇ ನಿಂತರು.

ಬೇರೆಯಾದ ಮೇಲೂ ತಕರಾರು ಬರಲೇ ಇಲ್ಲ ಎಂದಲ್ಲ. ಪಾರ್ಲೆ ಆಗ್ರೋದವರು ಮಿಠಾಯಿ ವ್ಯಾಪಾರಕ್ಕೂ ಇಳಿದಾಗ, ಪಾರ್ಲೆ ಎಂಬ ಹೆಸರನ್ನು ಯಾರು ಹೇಗೆ ಬಳಸಬೇಕು ಎಂದು ದಾಯಾದಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಜಗಳ ನಡೆದದ್ದು ಹೆಸರಿಗೆ. ಒಲೆಗೆ ಅಲ್ಲ. ವ್ಯಾಜ್ಯ ನಡೆಯುತ್ತಿದ್ದ ದಿನವೂ ಬೆಳಿಗ್ಗೆ ಬಿಸ್ಕತ್ತು ಅಂಗಡಿಗೆ ಬಂದಿತ್ತು. ಪಾಲು ಮಾಡುವಾಗ ಅವರು ವ್ಯಾಪಾರವನ್ನು ಬಗೆಬಗೆಯಾಗಿ ವಿಂಗಡಿಸಿ, ಬಿಸ್ಕತ್ತು ಪೂರ್ತಿ ಒಂದು ಕಡೆ, ಪಾನೀಯ ಪೂರ್ತಿ ಒಂದು ಕಡೆ ಎಂದು ಕೊಟ್ಟರು. ಐವರಿಗೂ ಸಮ ಎಂದು ಒಂದೇ ಒಲೆಯನ್ನು ಐದು ತುಂಡು ಮಾಡಿದ್ದರೆ, ಐದೂ ತುಂಡು ಆರಿಹೋಗುತ್ತಿತ್ತು. ನಾವು ಈ ಲೇಖನದಲ್ಲಿ ಹೇಳಬೇಕೆಂದಿದ್ದ ಮಾತು ಇದೊಂದೇ. ಪಾಲು ಹಂಚಿಕೊಳ್ಳಬಹುದು, ಒಲೆ ಹಂಚಿಕೊಳ್ಳಬಾರದು.

ಮುಚ್ಚಿದ ಕಾರ್ಖಾನೆ, ಆರದ ಬೆಂಕಿ

ಹೀಗೆ ನಡೆದ ಬಿಸ್ಕತ್ತು ಬಹಳ ದೂರ ಹೋಯಿತು. ಇಡೀ ಪ್ರಪಂಚದಲ್ಲಿ ಅತಿ ಹೆಚ್ಚು ಮಾರಾಟವಾಗುವ ಬಿಸ್ಕತ್ತು ಪಾರ್ಲೆ-ಜಿ ಎಂದು 2011ರಲ್ಲಿ ನೀಲ್ಸನ್ ಎಂಬ ಸಮೀಕ್ಷೆ ಸಂಸ್ಥೆ ಹೇಳಿತು. 2013ರಲ್ಲಿ ಇದೊಂದೇ ಬಿಸ್ಕತ್ತಿನ ವರ್ಷದ ಮಾರಾಟ 5,000 ಕೋಟಿ ರೂಪಾಯಿ ದಾಟಿದ ಸುದ್ದಿ ಬಂತು. ಐದು ರೂಪಾಯಿ, ಹತ್ತು ರೂಪಾಯಿ ಸೇರಿ ಆದ ಕೋಟಿಗಳಿವು.

2016ರಲ್ಲಿ ವಿಲೆ ಪಾರ್ಲೆಯ ಮೂಲ ಕಾರ್ಖಾನೆಯನ್ನು ಮುಚ್ಚಿದರು. ಹಳ್ಳಿಗಳ ನಡುವೆ ಹುಟ್ಟಿದ ಕಾರ್ಖಾನೆಯ ಸುತ್ತ ಅಷ್ಟರಲ್ಲಿ ಮಹಾನಗರವೇ ಬೆಳೆದು ನಿಂತಿತ್ತು. ಅಲ್ಲಿ ಉತ್ಪಾದನೆ ತುಂಬ ಇಳಿದುಹೋಗಿತ್ತು. ರೈಲು ಆ ಸ್ಟೇಷನ್ ಹತ್ತಿರ ಬಂದರೆ ಬಿಸ್ಕತ್ತು ಬೇಯುವ ವಾಸನೆಯಿಂದಲೇ ಇಳಿಯುವ ಜಾಗ ಬಂತೆಂದು ಜನರಿಗೆ ತಿಳಿಯುತ್ತಿತ್ತಂತೆ. ಎಂಬತ್ತೇಳು ವರ್ಷದ ಆ ವಾಸನೆ ನಿಂತುಹೋಯಿತು. ಮುಂಬಯಿ ಜನ ಬಂಧುವೊಬ್ಬರು ತೀರಿಕೊಂಡ ಹಾಗೆ ಮರುಗಿದರು. ಆದರೆ ಬಿಸ್ಕತ್ತು ನಿಲ್ಲಲಿಲ್ಲ, ಬೇರೆ ಊರುಗಳ ಒಲೆಗಳು ಉರಿಯುತ್ತಿದ್ದವು. ಕಟ್ಟಡದ ಮೇಲಿನ ಮೋಹ ಬೇರೆ, ಕೆಲಸದ ಮೇಲಿನ ನಿಷ್ಠೆ ಬೇರೆ ಎಂದು ನಾವು ಇದರಿಂದ ತಿಳಿಯಬೇಕು.

2020ರಲ್ಲಿ ಕೊರೋನಾ ಬಂದು ಲಾಕ್‌ಡೌನ್ ಆದಾಗ ನಡೆದದ್ದನ್ನು ಯಾರೂ ಮರೆಯುವ ಹಾಗಿಲ್ಲ. ಬಸ್ಸಿಲ್ಲ, ರೈಲಿಲ್ಲ, ಹೋಟೆಲಿಲ್ಲ. ಪಟ್ಟಣಗಳಿಗೆ ದುಡಿಯಲು ಹೋಗಿದ್ದ ಜನ ಹೆಂಡತಿ ಮಕ್ಕಳನ್ನು ಕರೆದುಕೊಂಡು, ತಲೆ ಮೇಲೆ ಗಂಟು ಹೊತ್ತು ನೂರಾರು ಮೈಲಿ ನಡೆದರು. ಆ ದಾರಿಯಲ್ಲಿ ಅವರ ಕೈಯಲ್ಲಿದ್ದದ್ದು, ದಾನಿಗಳು ಹಂಚಿದ್ದು ಬಹುಪಾಲು ಇದೇ ಐದು ರೂಪಾಯಿ ಪೊಟ್ಟಣ. ಒಲೆ ಬೇಡ, ಪಾತ್ರೆ ಬೇಡ, ನೀರಿದ್ದರೆ ಸಾಕು. ಕಂಪನಿಯವರು 3 ಕೋಟಿ ಪೊಟ್ಟಣ ದಾನ ಕೊಡುವುದಾಗಿ ಪ್ರಕಟಿಸಿದರು. ಎಂಟು ದಶಕದಲ್ಲೇ ಅತಿ ಹೆಚ್ಚು ಮಾರಾಟ ಆ ತಿಂಗಳುಗಳಲ್ಲಿ ಆಯಿತು ಎಂದೂ ಹೇಳಿದರು. ಆಗ ನಮ್ಮ ಸಂಘವೂ ಒಂದು ಹೊತ್ತೂ ಹಾಲು ತೆಗೆದುಕೊಳ್ಳದೆ ಇರಲಿಲ್ಲ ಎಂಬುದನ್ನು ಹೆಮ್ಮೆಯಿಂದ ಇಲ್ಲಿ ಸೇರಿಸುತ್ತೇವೆ.

ನಮ್ಮ ಸಂಘಕ್ಕೆ ಇದರಿಂದ ಏನು?

ಚೌಹಾಣ್ ಮನೆತನ ಬಂದ ಗುಜರಾತಿನಲ್ಲೇ, 1946ರಲ್ಲಿ ಖೇಡಾ ಜಿಲ್ಲೆಯ ರೈತರು ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಹಾಲಿನ ಸಹಕಾರ ಒಕ್ಕೂಟ ಕಟ್ಟಿದರು. ಅದೇ ಅಮೂಲ್ ಆಯಿತು. ಸಹಕಾರದಲ್ಲಿ ನಮ್ಮ ಕನ್ನಡ ನಾಡು ಇನ್ನೂ ಮುಂದೆ. 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಒಂದು ದಾರಿ ಮನೆತನದ್ದು, ಇನ್ನೊಂದು ದಾರಿ ಸಹಕಾರದ್ದು. ಮನೆತನದಲ್ಲಿ ರಕ್ತಸಂಬಂಧ ಕಟ್ಟಿ ಹಿಡಿಯುತ್ತದೆ. ನಮ್ಮಲ್ಲಿ ಕಟ್ಟಿ ಹಿಡಿಯುವುದು ಲೆಕ್ಕ ಮತ್ತು ನಂಬಿಕೆ ಎರಡೇ. ಡಿಗ್ರಿ, ಫ್ಯಾಟು ಸರಿಯಾಗಿ ಬರೆದರೆ ಸಂಘ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಈಚೆಗೆ ನಮ್ಮ ಹೊಸಬಡಾವಣೆಯ ಕಡೆಯ ಸದಸ್ಯರಲ್ಲಿ ಕೆಲವರು, ನಮಗೆ ಡೈರಿ ದೂರವಾಗುತ್ತದೆ, ನಮ್ಮದೇ ಬೇರೆ ಸಂಘ ಮಾಡಿಕೊಳ್ಳುತ್ತೇವೆ ಎಂದು ಮಾತಾಡುತ್ತಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಚಳಿಯಲ್ಲಿ, ಮಳೆಯಲ್ಲಿ ಕ್ಯಾನು ಹೊತ್ತು ಹಳ್ಳ ದಾಟಿ ಬರುವ ಹೆಣ್ಣುಮಕ್ಕಳನ್ನು ನಾವೂ ನೋಡುತ್ತಿದ್ದೇವೆ. ಅದನ್ನು ತಾತ್ಸಾರ ಮಾಡಿದರೆ ತಪ್ಪು ನಿರ್ದೇಶಕರಾದ ನಮ್ಮದೇ ಆಗುತ್ತದೆ. ಆದರೆ ಅಣ್ಣಂದಿರೇ, ಅಕ್ಕಂದಿರೇ, ಒಂದು ವಿಚಾರ ಮಾಡಿ. ನಮ್ಮ ಒಲೆ ಅಂದ್ರೆ ಸಂಘದ ಬಲ್ಕ್ ಕೂಲರ್. ಅದು ತುಂಬಿ ಓಡಿದರೆ ಲೀಟರಿಗೆ ಬೀಳುವ ಕರೆಂಟು ಖರ್ಚು ಕಡಿಮೆ, ವರ್ಷದ ಕೊನೆಗೆ ಬೋನಸ್ಸು ಜಾಸ್ತಿ. ಹಾಲು ಎರಡು ಪಾಲಾಗಿ ಕೂಲರ್ ಅರ್ಧ ಖಾಲಿ ನಿಂತರೆ, ಬಿಸ್ಕತ್ತಿನ ಒಲೆ ಅರ್ಧ ಖಾಲಿ ಓಡಿದ ಹಾಗೆ. ನಷ್ಟ ಎರಡೂ ಕಡೆಗೆ.

ಪಾರ್ಲೆಯವರು ದೂರದವರನ್ನು ಮುಂಬಯಿಗೆ ಬನ್ನಿ ಎನ್ನಲಿಲ್ಲ, ದೂರದವರ ಹತ್ತಿರಕ್ಕೇ ಕೆಲಸ ಒಯ್ದರು. ಹಾಗೆಯೇ ಹೊಸಬಡಾವಣೆಯಲ್ಲಿ ಸಂಘದ್ದೇ ಒಂದು ಹಾಲು ತೆಗೆದುಕೊಳ್ಳುವ ಜಾಗ, ಅಲ್ಲೇ ಒಂದು ಪರೀಕ್ಷೆ ಯಂತ್ರ, ಅಲ್ಲಿಂದ ಕೂಲರಿಗೆ ಒಂದು ಆಟೋ ಮಾಡಬಹುದು. ಆಡಳಿತ ಮಂಡಳಿಯಲ್ಲಿ ಆ ಕಡೆಯವರಿಗೆ ಸರಿಯಾದ ಸ್ಥಾನವೂ ಇರಲಿ. ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಬಾಯಿ ಬಿಟ್ಟು ಚರ್ಚೆ ಮಾಡೋಣ. ಅರಳಿಕಟ್ಟೆ ಮೇಲೆ ಮಾತಾಡಿ ಮಹಾಸಭೆಗೆ ಬಾರದೆ ಇರುವುದು ಬೇಡ. ಅದರಲ್ಲೂ ಯುವಕರು ಬರಬೇಕು. ಸಂಘ ಕಟ್ಟಿದ ಹಿರಿಯರಿಗೆ ವಯಸ್ಸಾಗಿದೆ. ಮೋಹನಲಾಲರ ಕೈಯಿಂದ ಮಕ್ಕಳು, ಮೊಮ್ಮಕ್ಕಳು ಒಲೆಯ ಕೆಲಸ ಕಲಿತ ಹಾಗೆ, ಹಿರಿಯರು ಇರುವಾಗಲೇ ಲೆಕ್ಕದ ಪುಸ್ತಕ ನೋಡುವುದನ್ನು ನಮ್ಮ ಮಕ್ಕಳು ಕಲಿಯಲಿ.

ಹನ್ನೆರಡು ಜನ ಹಚ್ಚಿದ ಬೆಂಕಿ ತೊಂಬತ್ತು ದಾಟಿದರೂ ಆರಿಲ್ಲ. ನಮ್ಮ ಸಂಘಕ್ಕೆ ಈಗ ಇಪ್ಪತ್ತೈದು. ಇದು ಚಿನ್ನದ ಹಬ್ಬವನ್ನೂ ವಜ್ರದ ಹಬ್ಬವನ್ನೂ ಕಾಣಲಿ, ಆಗಲೂ ಊರಿನ ಹಾಲು ಒಂದೇ ಕೂಲರಿಗೆ ಬೀಳಲಿ ಎಂದು ಹಾರೈಸುತ್ತೇವೆ.

– ನಿರ್ದೇಶಕರು, ಹಾಲು ಉತ್ಪಾದಕರ ಸಹಕಾರ ಸಂಘ